ಸಂಶೋಧನಾ ಅನುದಾನ: ಪ್ರಶ್ನೆ ಹುಟ್ಟುವಲ್ಲಿಂದ ಯುಸಿ (ಹಣ ಬಳಕೆಯ ಪ್ರಮಾಣಪತ್ರ) ಕೊಡುವವರೆಗೆ

ಏಳನೇ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ನಮ್ಮ ಸ್ಟಾಫ್‌ರೂಮಿನ ಬಾಗಿಲಲ್ಲಿ ನಾಲ್ಕು ಜನ ಹುಡುಗ-ಹುಡುಗಿಯರು ನಿಂತಿರುತ್ತಾರೆ. ಕೈಯಲ್ಲಿ ಪ್ರಾಜೆಕ್ಟ್ ಅನುದಾನದ ಅರ್ಜಿ, ಬಿಸಿ ಆರದ ಪ್ರಿಂಟೌಟ್. "ಸರ್, ಒಂದು ಸೈನ್ ಬೇಕಿತ್ತು, ಇವತ್ತೇ ಲಾಸ್ಟ್ ಡೇಟು." ಒಳಗೆ ಕೂತ ಅಧ್ಯಾಪಕರ ಪೈಕಿ ಪಿಎಚ್‌ಡಿ ಮುಗಿಸಿ ಹತ್ತು ವರ್ಷವಾದವರೂ ಇದ್ದಾರೆ. ಅವರು ಒಂದು ಸಲವೂ ಅನುದಾನಕ್ಕೆ ಅರ್ಜಿ ಹಾಕಿಲ್ಲ. ಕೇಳಿದರೆ "ನಮ್ಮಂಥ ಕಾಲೇಜಿಗೆ ಯಾರು ಕೊಡ್ತಾರೆ ಬಿಡಿ" ಅನ್ನುತ್ತಾರೆ.

ಕೊಡುತ್ತಾರೆ. ಜಿಲ್ಲಾ ಕೇಂದ್ರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತ ನಾನು ಅನುದಾನ ಪಡೆದಿದ್ದೇನೆ, ತಿರಸ್ಕಾರವನ್ನೂ ಕಂಡಿದ್ದೇನೆ, ಬೇರೆಯವರ ಪ್ರಸ್ತಾವನೆಗಳನ್ನು ಓದಿ ಅಂಕ ಹಾಕಿದ್ದೇನೆ. ಸಣ್ಣ ಕಾಲೇಜುಗಳ ಪ್ರಸ್ತಾವನೆ ಬೀಳುವುದಕ್ಕೆ ನಾನು ಕಂಡ ಕಾರಣ ಹೆಚ್ಚಾಗಿ ಕಾಲೇಜಿನ ಹೆಸರಲ್ಲ. ಪ್ರಶ್ನೆ ತೀರಾ ಅಗಲವಾಗಿರುತ್ತದೆ, ಬಜೆಟ್ಟಿಗೂ ಪ್ರಶ್ನೆಗೂ ಸಂಬಂಧವೇ ಇರುವುದಿಲ್ಲ. ಎರಡನ್ನೂ ಸರಿಪಡಿಸಿಕೊಳ್ಳಬಹುದು.

ಮೊದಲು, ಯಾವ ಬಾಗಿಲು ತಟ್ಟಬೇಕು

ವಿದ್ಯಾರ್ಥಿಗಳಿಗೆ ಕರ್ನಾಟಕದಲ್ಲಿ ಹತ್ತಿರದ ಬಾಗಿಲು ಕೆಎಸ್‌ಸಿಎಸ್‌ಟಿಯ ಸ್ಟೂಡೆಂಟ್ ಪ್ರಾಜೆಕ್ಟ್ ಪ್ರೋಗ್ರಾಂ, ಎಲ್ಲರ ಬಾಯಲ್ಲಿ ಎಸ್‌ಪಿಪಿ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1975ರಲ್ಲಿ ಶುರುವಾದದ್ದು, ಕಚೇರಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲೇ ಇದೆ. ಎಸ್‌ಪಿಪಿ ವರ್ಷ ವರ್ಷ ಸರಣಿಯ ಸಂಖ್ಯೆ ಹಾಕಿಕೊಂಡು ನಡೆಯುತ್ತದೆ. 2023-24ರದ್ದು 47ನೇ ಸರಣಿ. ಒಂದು ಪ್ರಾಜೆಕ್ಟಿಗೆ ಸಿಗುವುದು ಕೆಲವೇ ಸಾವಿರ ರೂಪಾಯಿ. ಸೆನ್ಸರ್, ಬೋರ್ಡು, ರಾಸಾಯನಿಕ, ಬಸ್ ಚಾರ್ಜಿಗೆ ಸಾಕಾದೀತು. ಆದರೆ ಇಪ್ಪತ್ತೊಂದು ವರ್ಷದ ಹುಡುಗಿ ತನ್ನ ಪ್ರಶ್ನೆಯನ್ನು ಬರೆದು, ಹೊರಗಿನ ತಜ್ಞರ ಮುಂದೆ ನಿಂತು ಸಮರ್ಥಿಸಿ, ಸಾರ್ವಜನಿಕ ಹಣ ಪಡೆದು ಲೆಕ್ಕ ಕೊಡುವ ಅನುಭವ ಅಲ್ಲಿ ಸಿಗುತ್ತದೆ. ನನ್ನ ಮಟ್ಟಿಗೆ ಅದರ ಬೆಲೆ ಹಣಕ್ಕಿಂತ ದೊಡ್ಡದು.

ಎಂಬಿಬಿಎಸ್, ಬಿಡಿಎಸ್ ಓದುವವರಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ ಶಾರ್ಟ್ ಟರ್ಮ್ ಸ್ಟೂಡೆಂಟ್‌ಶಿಪ್ ಇದೆ, 1979ರಿಂದ ನಡೆದುಬಂದದ್ದು. ಎರಡು ತಿಂಗಳ ಕೆಲಸ, ವರದಿ ಒಪ್ಪಿತವಾದ ಮೇಲೆ ಸ್ಟೈಪೆಂಡ್. ವಿಜ್ಞಾನದ ವಿದ್ಯಾರ್ಥಿಗಳೂ ಅಧ್ಯಾಪಕರೂ ಇಬ್ಬರೂ ಹಾಕಬಹುದಾದ ಇನ್ನೊಂದು ಅವಕಾಶ ಮೂರು ವಿಜ್ಞಾನ ಅಕಾಡೆಮಿಗಳು ಕೂಡಿ ಕೊಡುವ ಬೇಸಿಗೆ ಸಂಶೋಧನಾ ಫೆಲೋಶಿಪ್. ಮೂರರಲ್ಲಿ ಒಂದು ಸಿ.ವಿ. ರಾಮನ್ 1934ರಲ್ಲಿ ಕಟ್ಟಿದ, ಬೆಂಗಳೂರಿನಲ್ಲೇ ಇರುವ ಭಾರತೀಯ ವಿಜ್ಞಾನ ಅಕಾಡೆಮಿ. ಪದವಿ ಕಾಲೇಜಿನ ಅಧ್ಯಾಪಕರು ಎರಡು ತಿಂಗಳು ದೊಡ್ಡ ಪ್ರಯೋಗಾಲಯದಲ್ಲಿ ಕೂತು ಬಂದರೆ ಮುಂದಿನ ಪ್ರಸ್ತಾವನೆಯ ಅರ್ಧ ಭಾಗ ಅಲ್ಲೇ ಹುಟ್ಟುತ್ತದೆ.

ಅಧ್ಯಾಪಕರ ದೊಡ್ಡ ಅನುದಾನಗಳ ವಿಳಾಸ ಈಚೆಗೆ ಬದಲಾಗಿದೆ. ಕೇಂದ್ರದ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ, ಮೊದಲಿನ ಎಸ್‌ಇಆರ್‌ಬಿ, ಈಗ ಇಲ್ಲ. 2023ರ ಕಾಯ್ದೆಯಂತೆ ರೂಪುಗೊಂಡ ಅನುಸಂಧಾನ್ ನ್ಯಾಷನಲ್ ರಿಸರ್ಚ್ ಫೌಂಡೇಶನ್, ಅಂದರೆ ಎಎನ್‌ಆರ್‌ಎಫ್, 2024ರ ಫೆಬ್ರವರಿಯಿಂದ ಅದರ ಜಾಗದಲ್ಲಿದೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಅಲ್ಲಿ ಪ್ರೈಮ್ ಮಿನಿಸ್ಟರ್ ಅರ್ಲಿ ಕರಿಯರ್ ರಿಸರ್ಚ್ ಗ್ರಾಂಟ್, ಅನುಭವಿಗಳಿಗೆ ಅಡ್ವಾನ್ಸ್‌ಡ್ ರಿಸರ್ಚ್ ಗ್ರಾಂಟ್ ಇದೆ. ವಿಶ್ವವಿದ್ಯಾಲಯಗಳನ್ನು ಮುಂಚೂಣಿ ಸಂಸ್ಥೆಯೊಂದರ ಜೊತೆ ಜೋಡಿಸುವ ಪೇರ್ ಎಂಬ ಯೋಜನೆಯೂ ಇದೆ. ಸಮಾಜವಿಜ್ಞಾನದವರಿಗೆ 1969ರಲ್ಲಿ ಸ್ಥಾಪನೆಯಾದ ಐಸಿಎಸ್‌ಎಸ್‌ಆರ್, ಚರಿತ್ರೆಯವರಿಗೆ ಐಸಿಎಚ್‌ಆರ್. ರಾಜ್ಯದೊಳಗೆ ವಿಷನ್ ಗ್ರೂಪ್ ಆನ್ ಸೈನ್ಸ್ ಆಂಡ್ ಟೆಕ್ನಾಲಜಿ ಯುವ ವಿಜ್ಞಾನಿಗಳಿಗೆ ಸೀಡ್ ಮನಿ, ಕಾಲೇಜು ಪ್ರಯೋಗಾಲಯಗಳಿಗೆ ಕೆ-ಫಿಸ್ಟ್ ಎಂದು ಕರೆ ಕೊಡುತ್ತ ಬಂದಿದೆ.

ಒಂದು ನೋವಿನ ಮಾತು ಇಲ್ಲೇ ಹೇಳಬೇಕು. ಎಎನ್‌ಆರ್‌ಎಫ್‌ನ ಮುಖ್ಯ ಯೋಜನೆಗಳಲ್ಲಿ ಪ್ರಧಾನ ಸಂಶೋಧಕರು ಕಾಯಂ ಹುದ್ದೆಯಲ್ಲಿರಬೇಕು. ನಮ್ಮ ಪದವಿ ಕಾಲೇಜುಗಳಲ್ಲಿ ಪಾಠದ ದೊಡ್ಡ ಹೊರೆ ಹೊತ್ತಿರುವ ಅತಿಥಿ ಉಪನ್ಯಾಸಕರಲ್ಲಿ ಒಳ್ಳೆಯ ಸಂಶೋಧಕರಿದ್ದಾರೆ, ಅವರಿಗೆ ಈ ಬಾಗಿಲು ಮುಚ್ಚಿದೆ. ಕಾಯಂ ಇರುವವರಿಗೆ ನನ್ನ ವಿನಂತಿ: ಅವರ ಆಲೋಚನೆಯನ್ನು ಬಳಸಿಕೊಂಡರೆ ಪ್ರಕಟಣೆಗಳಲ್ಲಿ ಅವರ ಹೆಸರನ್ನು ನ್ಯಾಯವಾಗಿ ಹಾಕಿ.

ಕರೆಯ ಪ್ರಕಟಣೆಯನ್ನು ಎರಡು ಸಲ ಓದಿ. ಮೊದಲ ಓದಿನಲ್ಲಿ ವಯಸ್ಸು, ಹುದ್ದೆ, ಸೇರಿ ಎಷ್ಟು ವರ್ಷವಾಯಿತು ಎಂಬ ಅರ್ಹತೆಗಳನ್ನು ನೋಡಿ. ಎರಡನೇ ಓದಿನಲ್ಲಿ ಅವರು ಯಾವುದಕ್ಕೆ ಹಣ ಕೊಡುವುದಿಲ್ಲ ಎಂದಿದ್ದಾರೆ, ಅದನ್ನು ಕೆಂಪು ಪೆನ್ನಿನಲ್ಲಿ ಗುರುತು ಹಾಕಿ.

ಎರಡನೆಯದು, ಪ್ರಶ್ನೆಯನ್ನು ಚಿಕ್ಕದು ಮಾಡುವುದು

ಹೆಚ್ಚಿನ ಸಮಯ ಇಲ್ಲಿಗೇ ಕೊಡಿ. ಒಂದು ತಿಂಗಳಾದರೂ ಸರಿ.

ನನ್ನ ಮೊದಲ ಪ್ರಸ್ತಾವನೆಯ ಶೀರ್ಷಿಕೆ ಇಡೀ ಜಿಲ್ಲೆಯ ಅಂತರ್ಜಲದ ಗುಣಮಟ್ಟದ ಅಧ್ಯಯನ ಎಂದಿತ್ತು. ಎರಡು ಸಾಲಿನ ಷರಾದೊಂದಿಗೆ ವಾಪಸ್ ಬಂತು. ಇದು ಮುಗಿದ ಮೇಲೆ ಈಗ ಗೊತ್ತಿಲ್ಲದ ಯಾವ ಸಂಗತಿ ಗೊತ್ತಾಗುತ್ತದೆ ಎಂದು ಪರಿಶೀಲಕರು ಕೇಳಿದ್ದರು. ಒಂದು ವಾರ ಸಿಟ್ಟಿನಲ್ಲಿದ್ದೆ. ಆಮೇಲೆ ಆ ಪ್ರಶ್ನೆಗೆ ಉತ್ತರ ಬರೆಯಲು ಕೂತೆ, ಬರೆಯಲಾಗಲಿಲ್ಲ. ಅವರು ಹೇಳಿದ್ದು ಸರಿಯಾಗಿತ್ತು.

ಪಾವಗಡದ ಕಡೆಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚೆಂಬುದು ಹಳೆಯ ಸುದ್ದಿ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500ರಂತೆ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ಅಲ್ಲಿ ಫ್ಲೋರೈಡ್ ಇದೆ ಎಂದು ಮತ್ತೊಮ್ಮೆ ಅಳೆದು ತೋರಿಸಲು ಯಾರೂ ಹಣ ಕೊಡುವುದಿಲ್ಲ, ಕೊಡಲೂಬಾರದು. ಈಗ ಅದೇ ಸಂಗತಿಯನ್ನು ಇನ್ನಷ್ಟು ಹತ್ತಿರದಿಂದ ನೋಡಿ. ಊರೂರಿಗೆ ಶುದ್ಧ ಕುಡಿಯುವ ನೀರಿನ ಘಟಕ ಬಂದಿದೆ. ನಾಣ್ಯ ಹಾಕಿದರೆ ಒಂದು ನಲ್ಲಿಯಲ್ಲಿ ಕ್ಯಾನಿಗೆ ಶುದ್ಧ ನೀರು ಬರುತ್ತದೆ. ಹಿಂದಿನ ಪೈಪಿನಿಂದ ಲವಣ, ಫ್ಲೋರೈಡ್ ಗಟ್ಟಿಯಾದ ನೀರು ಹೊರಗೆ ಹೋಗುತ್ತದೆ. ಆ ನೀರು ಚರಂಡಿ ಸೇರುತ್ತದೋ, ಪಕ್ಕದ ಹೊಲಕ್ಕೆ ಇಳಿಯುತ್ತದೋ, ಬಾವಿಯೊಳಕ್ಕೇ ಹಿಂತಿರುಗುತ್ತದೋ? ಮೆಂಬ್ರೇನ್ ಹಳತಾದಂತೆ ಶುದ್ಧ ನೀರಿನಲ್ಲಿ ಫ್ಲೋರೈಡ್ ಎಷ್ಟು ತಿಂಗಳಿಗೆ ಮಿತಿ ದಾಟುತ್ತದೆ? ಇವು ಪ್ರಶ್ನೆಗಳು. ಹತ್ತು ಘಟಕ, ಎರಡು ವರ್ಷ, ಮಳೆಗೆ ಮುಂಚೆ ಒಮ್ಮೆ ಮಳೆಯಾದ ಮೇಲೆ ಒಮ್ಮೆ ಮಾದರಿ ಅಂದರೆ ಉತ್ತರ ಸಿಗುವಂಥವು.

ವಿದ್ಯಾರ್ಥಿಗಳ ತಂಡಕ್ಕೆ ಇದರಲ್ಲೇ ಇನ್ನೂ ಚಿಕ್ಕ ತುಣುಕಿದೆ. ಘಟಕದ ನಲ್ಲಿಗೆ ಟಿಡಿಎಸ್ ಸೆನ್ಸರ್ ಕೂರಿಸಿ, ಮೆಂಬ್ರೇನ್ ಬದಲಿಸುವ ಹೊತ್ತು ಬಂದಾಗ ನಿರ್ವಾಹಕರ ಮೊಬೈಲಿಗೆ ಸಂದೇಶ ಕಳಿಸುವ ವ್ಯವಸ್ಥೆ. ಆದರೆ ಟಿಡಿಎಸ್ ಅಂದರೆ ಕರಗಿದ ಲವಣಗಳ ಒಟ್ಟು ಅಂದಾಜು ಮಾತ್ರ, ಅದೊಂದನ್ನೇ ನೋಡಿ ಫ್ಲೋರೈಡ್ ಎಷ್ಟಿದೆ ಎಂದು ಹೇಳಲಾಗದು. ಈ ಮಿತಿಯನ್ನು ಸಿನಾಪ್ಸಿಸ್‌ನಲ್ಲಿ ತಾವೇ ಬರೆದು, ಕೆಲವು ಮಾದರಿಗಳನ್ನು ಫ್ಲೋರೈಡ್ ಎಲೆಕ್ಟ್ರೋಡ್‌ನಿಂದ ಅಳೆದು ತಾಳೆ ನೋಡುತ್ತೇವೆ ಎಂದು ಹೇಳಿದ ತಂಡದ ಮೇಲೆ ನನಗೆ ತಕ್ಷಣ ನಂಬಿಕೆ ಬರುತ್ತದೆ. ಮಿತಿ ಮುಚ್ಚಿಟ್ಟರೆ ಪ್ರದರ್ಶನದ ದಿನ ಯಾರೋ ಕೇಳಿಯೇ ಕೇಳುತ್ತಾರೆ.

ನಿಮ್ಮ ಪ್ರಶ್ನೆ ಹದಕ್ಕೆ ಬಂದಿದೆಯೇ ಎಂದು ತಿಳಿಯಲು ನಾನು ಬಳಸುವ ಒಂದು ಪರೀಕ್ಷೆ: ನಿಮ್ಮ ವಿಷಯ ಗೊತ್ತಿಲ್ಲದ ಸಹೋದ್ಯೋಗಿಗೆ, ಕನ್ನಡ ಮೇಷ್ಟರಿಗೋ ದೈಹಿಕ ಶಿಕ್ಷಣದವರಿಗೋ, ಕ್ಯಾಂಟೀನಿನಲ್ಲಿ ಕಾಫಿ ಮುಗಿಯುವುದರೊಳಗೆ ಹೇಳಿ. ಅವರು "ಹೌದಾ, ಹಾಗಾದ್ರೆ ಆ ನೀರು ಎಲ್ಲಿಗೆ ಹೋಗುತ್ತೆ?" ಎಂದು ತಿರುಗಿ ಕೇಳಿದರೆ ಬರೆಯಲು ಶುರು ಮಾಡಿ.

ಮೂರನೆಯದು, ಬರವಣಿಗೆ

ಗುರಿಗಳು ಮೂರು ಸಾಕು. ಪ್ರತಿಯೊಂದೂ ಮುಗಿಯಿತೋ ಇಲ್ಲವೋ ಎಂದು ಮೂರನೆಯವರು ನೋಡಿ ಹೇಳುವಂತಿರಬೇಕು. "ಜಾಗೃತಿ ಮೂಡಿಸುವುದು", "ಸಮಗ್ರವಾಗಿ ಅರಿಯುವುದು" ಎಂಬಂಥವು ಹೇಳಿಕೊಳ್ಳಲು ಚೆನ್ನ, ಅಳೆಯಲು ಬರುವುದಿಲ್ಲ. "ಹತ್ತು ಘಟಕಗಳ ಒಳಬರುವ, ಶುದ್ಧವಾದ, ತ್ಯಾಜ್ಯವಾದ ನೀರಿನ ಫ್ಲೋರೈಡ್ ಪ್ರಮಾಣವನ್ನು ಎರಡು ವರ್ಷ, ವರ್ಷಕ್ಕೆ ಎರಡು ಸಲ ಅಳೆಯುವುದು" ಎಂದರೆ ಅಳೆದಿರೋ ಇಲ್ಲವೋ ಗೊತ್ತಾಗುತ್ತದೆ.

ಈವರೆಗಿನ ಸಂಶೋಧನೆಯ ಭಾಗದಲ್ಲಿ ಐವತ್ತು ಪ್ರಬಂಧಗಳ ಹೆಸರು ಸುರಿಯಬೇಡಿ. ಹನ್ನೆರಡನ್ನು ಚೆನ್ನಾಗಿ ಓದಿ, ಯಾರು ಎಲ್ಲಿಯವರೆಗೆ ಬಂದು ನಿಂತಿದ್ದಾರೆ ಎಂದು ಬರೆಯಿರಿ. ನಿಂತ ಆ ಜಾಗವೇ ನಿಮ್ಮ ಶುರು. ವಾಕ್ಯ ಎತ್ತಿ ಹಾಕುವ ಚಾಳಿಯಂತೂ ಬೇಡವೇ ಬೇಡ. ಹೋಲಿಕೆ ತೋರಿಸುವ ಸಾಫ್ಟ್‌ವೇರ್ ಈಗ ಎಲ್ಲ ಕಡೆ ಇದೆ.

ವಿಧಾನದ ಭಾಗ ಅಡುಗೆಯಷ್ಟು ಖಚಿತವಾಗಿರಲಿ. ಫ್ಲೋರೈಡ್ ಮಾದರಿಯನ್ನು ಗಾಜಿನ ಬಾಟಲಿಯಲ್ಲಿ ತರುವುದಿಲ್ಲ, ಪಾಲಿಎಥಿಲೀನ್ ಬಾಟಲಿಯಲ್ಲಿ ತರುತ್ತಾರೆ. ಅಳೆಯುವ ಮುಂಚೆ ಟಿಸಾಬ್ ಬಫರ್ (ಎಲ್ಲ ಮಾದರಿಗಳನ್ನೂ ಒಂದೇ ಹದಕ್ಕೆ ತರುವ ದ್ರಾವಣ) ಸೇರಿಸುತ್ತಾರೆ. ಇಂಥ ಎರಡು ವಾಕ್ಯ ಸಾಕು, ಬರೆದವರು ಕೈಯಾರೆ ಆ ಕೆಲಸ ಮಾಡಿದ್ದಾರೆ ಎಂದು ಪರಿಶೀಲಕರಿಗೆ ಗೊತ್ತಾಗಿಬಿಡುತ್ತದೆ. ಸಾಧ್ಯವಾದರೆ ಸ್ವಂತ ಖರ್ಚಿನಲ್ಲಿ ಐದಾರು ಮಾದರಿ ಅಳೆದು ಆ ಪುಟ್ಟ ಪಟ್ಟಿಯನ್ನು ಸೇರಿಸಿ. ನನ್ನ ಎರಡನೇ ಪ್ರಸ್ತಾವನೆಯ ಬಗ್ಗೆ ಸಮಿತಿ ಹೆಚ್ಚು ಹೊತ್ತು ಮಾತಾಡಿದ್ದು ಒಂದು ಭಾನುವಾರ ಬೈಕಿನಲ್ಲಿ ಹೋಗಿ ತಂದ ಆರು ಬಾಟಲಿಗಳ ಫಲಿತಾಂಶದ ಮೇಲೆ.

ಕಾಲಪಟ್ಟಿ ಹಾಕುವಾಗ ನಮ್ಮ ವರ್ಷದ ಲಯ ನೆನಪಿರಲಿ. ಪರೀಕ್ಷೆ, ಮೌಲ್ಯಮಾಪನ, ಚುನಾವಣಾ ಕೆಲಸ, ನ್ಯಾಕ್ ಭೇಟಿ ಎಲ್ಲವೂ ಬರುತ್ತವೆ. ಮೊದಲ ಆರು ತಿಂಗಳು ಸಹಾಯಕರ ನೇಮಕಕ್ಕೂ ಖರೀದಿಗೂ ಹೋಗುತ್ತದೆ ಎಂದೇ ಬರೆಯಿರಿ. ಮೊದಲ ತಿಂಗಳಿನಿಂದಲೇ ದತ್ತಾಂಶ ಬರುತ್ತದೆ ಎಂದು ತೋರಿಸಿದ ಕಾಲಪಟ್ಟಿಯನ್ನು ಅನುಭವವಿದ್ದ ಯಾರೂ ನಂಬುವುದಿಲ್ಲ.

ನಾಲ್ಕನೆಯದು, ಬಜೆಟ್

ಬಜೆಟ್ಟನ್ನು ಕೊನೆಯ ದಿನ ಒಟ್ಟು ಮೊತ್ತದಿಂದ ಹಿಂದಕ್ಕೆ ಲೆಕ್ಕ ಹಾಕುವವರೇ ಹೆಚ್ಚು. ಗರಿಷ್ಠ ಮೂವತ್ತು ಲಕ್ಷ ಎಂದರೆ ಇಪ್ಪತ್ತೊಂಬತ್ತು ಲಕ್ಷ ತೊಂಬತ್ತು ಸಾವಿರಕ್ಕೆ ತಂದು ನಿಲ್ಲಿಸುವುದು. ಓದುವವರಿಗೆ ಇದು ಮೊದಲ ನೋಟಕ್ಕೇ ತಿಳಿಯುತ್ತದೆ. ಪ್ರಶ್ನೆಯಿಂದ ಮುಂದಕ್ಕೆ ಬನ್ನಿ.

ಜನರಿಂದ ಶುರು ಮಾಡೋಣ. 2023ರ ಜನವರಿಯಿಂದ ಜೂನಿಯರ್ ರಿಸರ್ಚ್ ಫೆಲೋಗೆ (ಜೆಆರ್‌ಎಫ್) ತಿಂಗಳಿಗೆ 37,000, ಸೀನಿಯರ್ ರಿಸರ್ಚ್ ಫೆಲೋಗೆ (ಎಸ್‌ಆರ್‌ಎಫ್) 42,000 ರೂಪಾಯಿ. ಮೂರು ವರ್ಷದ ಯೋಜನೆಯಲ್ಲಿ ಮೊದಲೆರಡು ವರ್ಷ ಜೆಆರ್‌ಎಫ್ ಆಗಿ 8,88,000, ಮೂರನೇ ವರ್ಷ ಎಸ್‌ಆರ್‌ಎಫ್ ಆಗಿ 5,04,000, ಒಟ್ಟು 13,92,000. ಇದರ ಮೇಲೆ ಮನೆ ಬಾಡಿಗೆ ಭತ್ಯೆ. ಅದು ಊರಿನ ವರ್ಗದ ಮೇಲೆ ಬದಲಾಗುತ್ತದೆ: ಬೆಂಗಳೂರು ಎಕ್ಸ್, ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿ ವೈ, ಉಳಿದ ಊರುಗಳು ಜೆಡ್. ತುಮಕೂರಿನ ಕಾಲೇಜು ಬೆಂಗಳೂರಿನ ದರ ಹಾಕಿದರೆ ಅಲ್ಲೇ ಕೆಂಪು ಗೆರೆ ಬೀಳುತ್ತದೆ. ಜೆಆರ್‌ಎಫ್‌ಗೆ ನೆಟ್ ಅಥವಾ ಗೇಟ್‌ನಂಥ ರಾಷ್ಟ್ರಮಟ್ಟದ ಪರೀಕ್ಷೆ ಪಾಸಾದವರು ಬೇಕು. ನಿಮ್ಮ ಊರಿಗೆ ಅಂಥವರು ಬರುವ ಸಾಧ್ಯತೆ ಕಡಿಮೆ ಎಂದರೆ ಕರೆಯ ನಿಯಮ ಒಪ್ಪುವ ಬೇರೆ ಹುದ್ದೆಯನ್ನು ಕೇಳಿ. ಇಲ್ಲದಿದ್ದರೆ ಹಣ ಬಂದೂ ಖುರ್ಚಿ ಖಾಲಿ ಉಳಿಯುತ್ತದೆ. ನನ್ನ ಮೊದಲ ಯೋಜನೆಯಲ್ಲಿ ಹಾಗೆ ಏಳು ತಿಂಗಳು ಹೋಯಿತು.

ಉಪಕರಣದ ಆಸೆಯನ್ನು ಸ್ವಲ್ಪ ಹಿಡಿದಿಡಿ. ಕಾಲೇಜಿಗೆ ಒಂದು ದೊಡ್ಡ ಯಂತ್ರ ಬರಲಿ ಎಂದು ಪ್ರಿನ್ಸಿಪಾಲರೂ ಒತ್ತಾಯಿಸಬಹುದು. ಫ್ಲೋರೈಡ್ ಅಳೆಯಲು ಅಯಾನ್ ಸೆಲೆಕ್ಟಿವ್ ಎಲೆಕ್ಟ್ರೋಡ್ ಮತ್ತು ಮೀಟರ್ ಸಾಕು. ಅಪರೂಪಕ್ಕೆ ಬೇಕಾಗುವ ಭಾರಿ ಉಪಕರಣಕ್ಕೆ ಐ-ಸ್ಟೆಮ್ ಪೋರ್ಟಲ್ ಇದೆ. 2020ರ ಜನವರಿಯಲ್ಲಿ ಬೆಂಗಳೂರಿನ ವಿಜ್ಞಾನ ಸಮ್ಮೇಳನದಲ್ಲಿ ಬಿಡುಗಡೆಯಾದದ್ದು. ದೇಶದ ಯಾವ ಸಂಸ್ಥೆಯಲ್ಲಿ ಯಾವ ಉಪಕರಣವಿದೆ ಎಂದು ಹುಡುಕಿ, ಸಮಯ ಕಾಯ್ದಿರಿಸಿ, ಶುಲ್ಕ ಕಟ್ಟಿ ಬಳಸಬಹುದು. ಆ ಶುಲ್ಕವನ್ನು ಬಜೆಟ್ಟಿನಲ್ಲಿ ತೋರಿಸಿ.

ಸಾಮಗ್ರಿಯ ಲೆಕ್ಕವನ್ನು ಗುಣಾಕಾರದಲ್ಲಿ ಬರೆಯಿರಿ. ಹತ್ತು ಘಟಕ, ಪ್ರತಿ ಘಟಕದಲ್ಲಿ ಮೂರು ಕಡೆ, ಪ್ರತಿಯೊಂದೂ ಎರಡೆರಡು ಬಾಟಲಿ, ವರ್ಷಕ್ಕೆ ಎರಡು ಸಲ: 120 ಬಾಟಲಿ. ಪ್ರಯಾಣವೂ ಹಾಗೆಯೇ, ಎಷ್ಟು ಕಿಲೋಮೀಟರ್, ಎಷ್ಟು ಸಲ, ಯಾವ ವಾಹನ. ದರಕ್ಕೆ ಹಳೆಯ ಪ್ರಸ್ತಾವನೆಯ ಅಂಕಿ ನಕಲು ಮಾಡಬೇಡಿ; ಜಿಎಸ್‌ಟಿ ಸೇರಿದ ಹೊಸ ಕೊಟೇಶನ್ ತರಿಸಿ. ಸಂಸ್ಥೆಗೆ ಸಲ್ಲುವ ಓವರ್‌ಹೆಡ್ ಎಷ್ಟು ಶೇಕಡಾ ಎಂಬುದನ್ನು ಆಯಾ ಕರೆಯಲ್ಲೇ ನೋಡಿಕೊಳ್ಳಿ.

ಐದನೆಯದು, ಸಹಿ ಮತ್ತು ಅನುಮತಿ

ಸಂಸ್ಥೆಯ ಒಪ್ಪಿಗೆ ಪತ್ರವನ್ನು ಕೊನೆಯ ದಿನಾಂಕಕ್ಕೆ ಹದಿನೈದು ದಿನ ಮುಂಚೆ ಕಚೇರಿಗೆ ಕೊಡಿ. ಪ್ರಿನ್ಸಿಪಾಲರು ಮೀಟಿಂಗಿಗೆ ಬೆಂಗಳೂರಿಗೆ ಹೋಗಿರುತ್ತಾರೆ, ಕುಲಸಚಿವರ ಕಡತ ಟೇಬಲ್ಲಿನಿಂದ ಟೇಬಲ್ಲಿಗೆ ನಡೆಯಬೇಕು. ಪತ್ರದ ಮಾದರಿಯನ್ನು ಅವರೇ ಟೈಪ್ ಮಾಡಲಿ ಎಂದು ಕಾಯದೆ ನೀವೇ ತಯಾರು ಮಾಡಿಟ್ಟುಕೊಂಡು ಹೋಗಿ.

ಮನುಷ್ಯರನ್ನು ಒಳಗೊಂಡ ಅಧ್ಯಯನಕ್ಕೆ ಸಾಂಸ್ಥಿಕ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಊರವರ ಹಲ್ಲು ನೋಡಿ ಫ್ಲೋರೋಸಿಸ್ ಗುರುತಿಸುತ್ತೇನೆ ಎಂದರೆ ಅದೂ ಇದರಲ್ಲೇ ಸೇರುತ್ತದೆ. ನಿಮ್ಮ ಕಾಲೇಜಿನಲ್ಲಿ ಸಮಿತಿ ಇಲ್ಲದಿದ್ದರೆ ಹತ್ತಿರದ ವೈದ್ಯಕೀಯ ಕಾಲೇಜಿನವರನ್ನು ಸಹ-ಸಂಶೋಧಕರಾಗಿ ಸೇರಿಸಿಕೊಳ್ಳುವುದು ಕೆಲಸಕ್ಕೂ ಒಳ್ಳೆಯದು. ಪಶ್ಚಿಮ ಘಟ್ಟದ ಅರಣ್ಯದೊಳಗಿನಿಂದ ಗಿಡ, ಕೀಟ, ಕಪ್ಪೆ ತರುವವರು ಅರಣ್ಯ ಇಲಾಖೆಯ ಅನುಮತಿಗೆ ತಿಂಗಳುಗಳನ್ನೇ ಎತ್ತಿಡಬೇಕು.

ಆರನೆಯದು, ಸಮಿತಿಯ ಮುಂದೆ

ಹತ್ತು ನಿಮಿಷ ಕೊಟ್ಟರೆ ಎಂಟಕ್ಕೆ ಮುಗಿಸಿ. ಪ್ರಶ್ನೆ, ಆರು ಬಾಟಲಿಯ ಪಟ್ಟಿ, ವಿಧಾನ, ಹಣ, ಅಷ್ಟೇ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳಿ. ಎಸ್‌ಪಿಪಿ ಮಕ್ಕಳಿಗೆ ನಾನು ಹೇಳುವುದು, ಕಟ್ಟಿದ ಸಾಧನ ಕೆಲಸ ಮಾಡದ ದಿನವೂ ನೋಟ್‌ಬುಕ್ ಜೊತೆಗಿರಲಿ ಎಂದು. ಒಂದು ವರ್ಷ ನಮ್ಮ ತಂಡದ ಸೆನ್ಸರ್ ಮಧ್ಯಾವಧಿ ಮೌಲ್ಯಮಾಪನದ ಬೆಳಿಗ್ಗೆಯೇ ಕೈಕೊಟ್ಟಿತು. ಹುಡುಗಿ ಗಾಬರಿಯಾಗದೆ ಮೂರು ತಿಂಗಳ ಅಳತೆಗಳನ್ನು ದಿನಾಂಕ ಸಮೇತ ಬರೆದ ಇನ್ನೂರು ಪುಟದ ನೋಟ್‌ಬುಕ್ ತೆರೆದಿಟ್ಟಳು. ಬಂದವರು ಪುಟ ತಿರುವುತ್ತ ಇಪ್ಪತ್ತು ನಿಮಿಷ ಅಲ್ಲೇ ನಿಂತರು.

ತಿರಸ್ಕಾರ ಬಂದರೆ ಷರಾಗಳನ್ನು ಒಂದೊಂದಾಗಿ ಹಾಳೆಯ ಎಡಕ್ಕೆ ಬರೆದು ಬಲಕ್ಕೆ ನಿಮ್ಮ ಉತ್ತರ ಬರೆಯಿರಿ. ಉತ್ತರವಿಲ್ಲದ ಕಡೆ ಪ್ರಸ್ತಾವನೆ ತಿದ್ದಿ. ಮುಂದಿನ ಕರೆಗೆ ಮತ್ತೆ ಹಾಕಿ.

ಏಳನೆಯದು, ಹಣ ಬಂದ ಮೇಲೆ

ಮಂಜೂರಾತಿ ಆದೇಶ ಬಂದ ದಿನ ಸಿಹಿ ಹಂಚಿ, ಮರುದಿನ ಆ ಆದೇಶವನ್ನು ಲೆಕ್ಕಪತ್ರ ವಿಭಾಗದವರ ಜೊತೆ ಕೂತು ಓದಿ. ಸಂಶೋಧನೆ ಚೆನ್ನಾಗಿ ನಡೆದೂ ಲೆಕ್ಕದಲ್ಲಿ ಎಡವಿ ಎರಡನೇ ಕಂತು ಕಳೆದುಕೊಂಡವರು ನನಗೆ ಗೊತ್ತು. ಈ ಅರ್ಧವನ್ನು ನಮಗೆ ಯಾವ ಪಿಎಚ್‌ಡಿಯೂ ಕಲಿಸುವುದಿಲ್ಲ.

ಕೇಂದ್ರದ ಅನುದಾನಕ್ಕೆ 2017ರ ಜನರಲ್ ಫೈನಾನ್ಷಿಯಲ್ ರೂಲ್ಸ್ ಅನ್ವಯಿಸುತ್ತದೆ. ಹಣ ಸರ್ಕಾರದ ಹಣ ಪಾವತಿ ಜಾಲವಾದ ಪಿಎಫ್‌ಎಂಎಸ್ ಮೂಲಕ ಸಂಸ್ಥೆಯ ಹೆಸರಿನಲ್ಲಿ ಬರುತ್ತದೆ, ನಿಮ್ಮ ಖಾತೆಗಲ್ಲ. ಸಾಮಗ್ರಿಯ ಹೆಡ್‌ನಲ್ಲಿ (ಬಜೆಟ್ಟಿನ ಬಾಬ್ತಿನಲ್ಲಿ) ಉಳಿದಿದೆ ಎಂದು ಅದರಿಂದ ಪ್ರಯಾಣಕ್ಕೆ ಖರ್ಚು ಮಾಡಬೇಡಿ; ಹೆಡ್ ಬದಲಿಸಬೇಕಾದರೆ ನಿಯಮ ನೋಡಿ, ಬೇಕಿದ್ದಲ್ಲಿ ಮೊದಲು ಬರೆದು ಅನುಮತಿ ಪಡೆಯಿರಿ. ಖರೀದಿಗೆ ಮುಂಚೆ ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್ ನೋಡಿ, ಅಲ್ಲಿ ಸಿಗದಿದ್ದರೆ ಸಿಗಲಿಲ್ಲ ಎಂಬ ವರದಿಯನ್ನು ತೆಗೆದು ಕಡತಕ್ಕೆ ಹಾಕಿ. ಮೊತ್ತ ದೊಡ್ಡದಾದಂತೆ ಮೂವರ ಖರೀದಿ ಸಮಿತಿ, ಆಮೇಲೆ ಟೆಂಡರ್. ಮಿತಿಗಳು ಪರಿಷ್ಕಾರವಾಗುತ್ತಿರುತ್ತವೆ, ಚಾಲ್ತಿಯಲ್ಲಿರುವ ಸುತ್ತೋಲೆಯನ್ನೇ ಕೇಳಿ. ಬಂದ ಪ್ರತಿ ವಸ್ತುವನ್ನೂ ಸ್ಟಾಕ್ ರಿಜಿಸ್ಟರಿನಲ್ಲಿ ಬರೆದು, ಬಿಲ್ಲಿನ ಹಿಂದೆ ಪುಟದ ಸಂಖ್ಯೆ ನಮೂದಿಸಿ.

ಮಾರ್ಚ್ 31 ಆದ ಕೂಡಲೇ ಖರ್ಚಿನ ತಃಖ್ತೆ ಮತ್ತು ಯುಟಿಲೈಜೇಶನ್ ಸರ್ಟಿಫಿಕೇಟ್ (ಯುಸಿ) ತಯಾರಿಸಿ. ಫಾರಂ 12-ಎ ನಮೂನೆ. ನಿಯಮ ಹನ್ನೆರಡು ತಿಂಗಳ ಕಾಲ ಕೊಡುತ್ತದೆ, ಆದರೆ ಯುಸಿ ಹೋಗದೆ ಮುಂದಿನ ಕಂತು ಬರುವುದಿಲ್ಲ, ಕಂತು ಬರದೆ ಜೆಆರ್‌ಎಫ್ ಹುಡುಗನಿಗೆ ಸಂಬಳವಿಲ್ಲ. ಆ ಹುಡುಗ ಬಾಡಿಗೆ ಮನೆಯಲ್ಲಿದ್ದಾನೆ ಎಂಬುದು ನಿಮ್ಮ ನೆನಪಿನಲ್ಲಿರಲಿ. ಅನುದಾನದ ಮೇಲೆ ಬಂದ ಬ್ಯಾಂಕ್ ಬಡ್ಡಿ ಕಾಲೇಜಿನದಲ್ಲ, ಭಾರತದ ಸಂಚಿತ ನಿಧಿಗೆ ವಾಪಸ್ ಕಟ್ಟಬೇಕು. ಚಲನ್ನಿನ ಪ್ರತಿ ಯುಸಿ ಜೊತೆ ಹೋಗಲಿ.

ನಾನು ಇಟ್ಟುಕೊಂಡಿರುವ ಅಭ್ಯಾಸ ಒಂದಿದೆ: ಪ್ರತಿ ಶುಕ್ರವಾರ ಸಂಜೆ ಅರ್ಧ ಗಂಟೆ, ಆ ವಾರದ ಬಿಲ್ಲುಗಳನ್ನು ಹೆಡ್‌ವಾರು ಲಕೋಟೆಗೆ ಹಾಕಿ, ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಉಳಿಕೆ ಬರೆಯುವುದು. ಮೂರು ವರ್ಷದ ಕೊನೆಗೆ ಆಡಿಟರ್ ಕೇಳಿದ ಯಾವ ಕಾಗದಕ್ಕೂ ಹುಡುಕಾಡಬೇಕಾಗಲಿಲ್ಲ.

ಅಂತಿಮ ವರದಿ, ಉಪಕರಣಗಳ ಪಟ್ಟಿ, ಉಳಿದ ಹಣದ ಮರುಪಾವತಿ ಇವೆಲ್ಲ ಅನುದಾನ ಕೊಟ್ಟವರು ಕೇಳುವಂಥವು. ಕೇಳದ ಒಂದನ್ನೂ ಮಾಡಿ. ಬಾಟಲಿಗೆ ನೀರು ಕೊಟ್ಟ ಪ್ರತಿ ಊರಿಗೂ ಕನ್ನಡದಲ್ಲಿ ಒಂದು ಪುಟ ಬರೆಯಿರಿ: ನಿಮ್ಮ ಘಟಕದ ನೀರಿನಲ್ಲಿ ಇಷ್ಟಿತ್ತು, ಮಿತಿ ಇಷ್ಟು, ಮೆಂಬ್ರೇನ್ ಬದಲಿಸಿ ಇಷ್ಟು ತಿಂಗಳಾಗಿದೆ, ಹಿಂದಿನ ಪೈಪನ್ನು ಬಾವಿಯಿಂದ ದೂರ ತಿರುಗಿಸಿ. ಅದನ್ನು ಗ್ರಾಮ ಪಂಚಾಯಿತಿ ಕಚೇರಿಯಲ್ಲಿ ಪಿಡಿಒ ಕೈಗೆ ಕೊಟ್ಟು, ಇನ್ನೊಂದು ಪ್ರತಿಯನ್ನು ಘಟಕದ ಗೋಡೆಗೆ ಅಂಟಿಸಿ ಬನ್ನಿ.